ಬೂಷ್ಟಿಗೆ ಕೂದಲಿರುತ್ತೆ

ಮಂಗಳವಾರ ಬೆಳಿಗ್ಗೆ ಏಳಕ್ಕೆ ತಮ್ಮನ ವಿಡಿಯೋ ಕಾಲ್. ಅವನ ಪೋರ್ಟ್‌ಲೆಂಡಿನಲ್ಲಿ ಇನ್ನೂ ಸೋಮವಾರ ಸಂಜೆ. ಇಲ್ಲಿ ಚಿಕ್ಕಮಗಳೂರಿನಲ್ಲಿ ಐದು ದಿನದಿಂದ ಬಿಡದ ಮಳೆ. ಅಮ್ಮ ಉಬ್ಬದ ದೋಸೆಹಿಟ್ಟನ್ನು ಒಲೆ ಪಕ್ಕಕ್ಕೆ ಸರಿಸುತ್ತಿದ್ದಳು.

"ಅಮ್ಮ, ಬಾರ್ಲಿ ನೀರು ಹುದುಗೋಕೆ ಇಟ್ಟಿದ್ದೆ. ಕೆಟ್ಟಿದೆ ಅನ್ಸುತ್ತೆ, ಚೆಲ್ಲಿಬಿಡ್ಲಾ?"

ಬಾರ್ಲಿ ನೀರಂತೆ! ಇಪ್ಪತ್ತು ಲೀಟರ್ ಬಿಯರ್ ಅದು. ಅಮೆರಿಕದಲ್ಲಿ 1978ರಲ್ಲಿ ಕಾನೂನು ಬದಲಾದ ಮೇಲೆ ಮನೆಯಲ್ಲಿ ಮಾಡಿಕೊಳ್ಳಬಹುದು. ಇಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ ಅಬಕಾರಿಯವರು ಬಾಗಿಲು ತಟ್ಟುತ್ತಾರೆ. ನಮ್ಮ ತಮ್ಮ ಎರಡು ಡಿಗ್ರಿ ಮಾಡಿದ್ದಾನೆ, ಧೈರ್ಯ ಮಾತ್ರ ಮಾಡಿಲ್ಲ.

ಬಕೆಟ್ಟಿನ ಅಂಚಿಗೆ ಕಂದು ಕೊಳೆ ಅಂಟಿತ್ತು. ಮೇಲೆ ಕೆನೆ ಬಣ್ಣದ ಚೂರುಗಳು ತೇಲುತ್ತಿದ್ದವು. ಕೊಳೆತ ಮೊಟ್ಟೆ ವಾಸನೆ ಬೇರೆಯಂತೆ. ಅಮ್ಮ ಕನ್ನಡಕ ಹಾಕಿಕೊಂಡಳು.

"ಫೋನು ಹತ್ರ ಹಿಡಿ. ಕೂದಲಿದೆಯಾ?"

"ಏನು ಕೂದಲು?"

"ಬೂಷ್ಟಿಗೆ ಕೂದಲಿರುತ್ತೆ ಕಣೋ. ನೊರೆಗಿರಲ್ಲ. ಹಿಟ್ಟು ಉಬ್ಬಿ ಪಾತ್ರೆಗೆ ಅಂಟ್ಕೊಂಡ್ರೆ ಯಾರಾದ್ರೂ ಚೆಲ್ತಾರಾ?" ಆಮೇಲೆ ಕೇಳಿದಳು: "ಎಷ್ಟು ಸಲ ಮುಚ್ಚಳ ತೆಗ್ದೆ?"

ಅವನು ಮಾತಾಡಲಿಲ್ಲ. ದಿನಾ ತೆಗೆದಿದ್ದಾನೆ ಅಂತ ಮುಖವೇ ಹೇಳಿತು.

ಆಮೇಲೆ ನಾನೂ ಓದಿದೆ. ಕಂದು ಕೊಳೆ ಮೊದಲ ದಿನಗಳ ನೊರೆ ಇಳಿದಾಗ ಉಳಿಯೋದು. ತೇಲುವ ಚೂರುಗಳು ಯೀಸ್ಟೇ. ಮೊಟ್ಟೆ ವಾಸನೆ ಕೆಲವು ಯೀಸ್ಟಿಗೆ ಸಹಜ, ದಿನ ಕಳೆದರೆ ಹೋಗುತ್ತೆ. ಹೆದರಬೇಕಾದ್ದು ಹಸಿರೋ ಕಪ್ಪೋ ತುಪ್ಪಳದಂತೆ ಎದ್ದ ಬೂಷ್ಟಿಗೆ. ಮೇಲೆ ಸುಕ್ಕುಸುಕ್ಕಾಗಿ ಬಿಳಿ ಪೊರೆ ಕಟ್ಟಿದ್ದರೆ ಹೊರಗಿನ ಯೀಸ್ಟೋ ಬ್ಯಾಕ್ಟೀರಿಯಾವೋ ಸೇರಿದೆ ಅಂತ ಅನುಮಾನಪಡಬೇಕು. ಅಂಥ ಪೊರೆ ಕಟ್ಟೋಕೆ ಗಾಳಿ ಬೇಕು. ಕೆಟ್ಟಿದೆಯಾ ಅಂತ ಮುಚ್ಚಳ ತೆಗೆದು ಗಾಳಿ ಬಿಡುತ್ತಿದ್ದವನು ಇವನೇ!

ಎಷ್ಟು ಸಲ ಮುಚ್ಚಳ ತೆಗ್ದೆ? ವಾರವಿಡೀ ಆ ಮಾತು ನನ್ನನ್ನು ಬಿಡಲಿಲ್ಲ. ಬುಧವಾರ ಹಾಸನದ ಹಾಸ್ಟೆಲಿನಲ್ಲಿರುವ ಮಗಳಿಗೆ 'ಊಟ ಆಯ್ತಾ' ಅಂತ ಮೂರನೇ ಮೆಸೇಜ್ ಟೈಪ್ ಮಾಡುತ್ತಿದ್ದೆ. ಥಟ್ಟನೆ ಅಮ್ಮನ ದನಿ ಕೇಳಿಸಿತು. ಅಳಿಸಿದೆ. ಹತ್ತು ನಿಮಿಷ ಬಿಟ್ಟು ಕಳಿಸಿದೆ, ಆ ಮಾತು ಬೇರೆ.

ತಮ್ಮ ಕೊನೆಗೂ ಹೈಡ್ರೋಮೀಟರ್ ಹಾಕಿದ. ದ್ರವ ನೀರಿಗಿಂತ ಎಷ್ಟು ಸಾಂದ್ರ ಅಂತ ತೋರಿಸುವ ಕೊಳವೆ ಅದು, ಸಕ್ಕರೆ ಹುದುಗಿದಷ್ಟೂ ಅಂಕಿ ಇಳಿಯುತ್ತೆ. ಶುರುವಿನಲ್ಲಿ 1.048 ಇತ್ತು. ಬುಧವಾರ 1.012, ಶುಕ್ರವಾರವೂ 1.012. ಅಲುಗಾಡಿಲ್ಲ, ಅಂದರೆ ಹುದುಗುವ ಕೆಲಸ ಮುಗಿದಿದೆ. ರುಚಿಯಲ್ಲಿ ಹುಳಿಯೂ ಇಲ್ಲವಂತೆ.

"ಬಾರ್ಲಿ ನೀರು ಸರಿಯಾಗಿದೆಯಂತೆ ಅಮ್ಮ" ಅಂದೆ, ಮುಖ ಗಂಭೀರ ಮಾಡಿಕೊಂಡು.

ಅಮ್ಮ ಹಿಟ್ಟಿಗೆ ಉಪ್ಪು ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

"ಬಾಟ್ಲಿಗೆ ತುಂಬುವಾಗ ಸಕ್ಕರೆ ಜಾಸ್ತಿ ಹಾಕ್ಬೇಡ ಅನ್ನು. ನಿಮ್ಮಪ್ಪಂದು ಅಟ್ಟದ ಮೇಲೆ ಮೂರು ಒಡೆದಿದ್ವು."