ಅಷ್ಟಮಿಯ ದಿನ, ಒಟಿಪಿಗೆ ಕಾಯುತ್ತಾ

ಸೆಪ್ಟೆಂಬರ್ 30, 2025, ಮಂಗಳವಾರ
ಉರ್ವ, ಮಂಗಳೂರು

ಇವತ್ತು ಜ್ವರ ಇಲ್ಲ. ಅದೇ ಸಿಟ್ಟು ನನಗೆ.

ನಿನ್ನೆ ಮಧ್ಯಾಹ್ನ ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಅನ್ನುತ್ತಿತ್ತು. ಆಮೇಲೆ ಮೈ ಸುಡುವ ಜ್ವರ. ರಾತ್ರಿ ಬೆವರಿ ಹಾಸಿಗೆಯೆಲ್ಲ ಒದ್ದೆ. ಬೆಳಿಗ್ಗೆ ಎದ್ದು ನೋಡಿದರೆ ತಲೆ ಹಗುರ, ಹೊಟ್ಟೆಯಲ್ಲಿ ಹಸಿವು. "ಕೊಲ್ಲೂರಿಗೆ ನಾನೂ ಬರ್ತೇನೆ" ಅಂದೆ. ಡಿಕ್ಕಿಗೆ ಬ್ಯಾಗ್ ತುಂಬುತ್ತಿದ್ದ ಇವರು ತಿರುಗಿಯೂ ನೋಡಲಿಲ್ಲ.

"ನಾಳೆ ತೇರಿನ ಹೊತ್ತಿಗೆ ಚಳಿ ಹಿಡಿದ್ರೆ ನಿನ್ನನ್ನು ಹಿಡಿಯುವುದು ಯಾರು? ಸುಮ್ನೆ ಮಲಗು ಮಾರಾಯ್ತಿ."

ವೈವಾಕ್ಸ್ ಮಲೇರಿಯಾ. ದಿನ ಬಿಟ್ಟು ದಿನ ಬರುವುದೇ ಅದರ ಕ್ರಮ. ರಕ್ತಕಣದ ಒಳಗೆ ಕೂತು ಬೆಳೆದ ರೋಗಾಣುಗಳು ಸುಮಾರು 48 ಗಂಟೆಗೊಮ್ಮೆ ಕಣ ಒಡೆದು ಒಟ್ಟಿಗೇ ಹೊರಗೆ ಬರುತ್ತವೆ, ಚಳಿ ಹಿಡಿಯುವುದು ಆಗ. ನಿನ್ನೆ ಬೆರಳು ಚುಚ್ಚಿ ರಕ್ತ ತೆಗೆದು ನೋಡಿದ ಡಾಕ್ಟರು "ಈಗೆಲ್ಲ ಮೊದಲಿನಷ್ಟು ಇಲ್ಲ, ನೀವು ಎಲ್ಲಿಂದ ತಂದ್ರಿ?" ಅಂದರು. ಎಲ್ಲಿಂದ ಅಂತ ಹೇಳಲಿ? ಪಕ್ಕದ ಜಾಗದಲ್ಲಿ ಅಪಾರ್ಟ್‌ಮೆಂಟ್ ಏಳುತ್ತಾ ಉಂಟು. ಕ್ಯೂರಿಂಗ್‌ಗೆ ಅಂತ ಸ್ಲ್ಯಾಬಿನ ಮೇಲೆ ಕಟ್ಟಿ ನಿಲ್ಲಿಸಿದ ನೀರು ನಮ್ಮ ಬಾಲ್ಕನಿಯಿಂದಲೇ ಕಾಣುತ್ತದೆ. ಈ ಸೊಳ್ಳೆಗೆ ಚರಂಡಿಯ ಕೊಳಕು ನೀರು ಬೇಡ, ಇಂಥ ಒಳ್ಳೆಯ ನೀರೇ ಆಗಬೇಕು. ಭಾರೀ ಮಡಿ.

ಕ್ಲೋರೋಕ್ವಿನ್ ಮೂರು ದಿನ. ಅದರ ಕಹಿ ನಾಲಿಗೆಯಿಂದ ಹೋಗುವುದೇ ಇಲ್ಲ. ಪ್ರೈಮಾಕ್ವಿನ್ 14 ದಿನ, ಊಟ ಆದ ಮೇಲೆ. ಜ್ವರ ಬಿಟ್ಟ ಕೂಡಲೇ ಮಾತ್ರೆ ಬಿಟ್ಟರೆ ಲಿವರಿನಲ್ಲಿ ಅಡಗಿ ಕೂತದ್ದು ತಿಂಗಳುಗಳ ಮೇಲೆ ಪುನಃ ಎದ್ದು ಬರುತ್ತದಂತೆ. ಆದರೆ ಈ ಪ್ರೈಮಾಕ್ವಿನ್ ಕೆಲವರ ರಕ್ತಕ್ಕೆ ಆಗುವುದಿಲ್ಲ. ಜಿ6ಪಿಡಿ ಅಂತ ಒಂದು ಟೆಸ್ಟ್ ಮಾಡಿ ನೋಡಬೇಕು. ಅದರ ರಿಪೋರ್ಟ್ ಇನ್ನೂ ಬಂದಿಲ್ಲ. ಲ್ಯಾಬಿನವರಿಗೂ ಹಬ್ಬ.

ಇದರ ಮಧ್ಯೆ ಮಿಕ್ಸಿ ಸುಟ್ಟು ಹೋಗಿದೆ. ನಾಳೆ ಆಯುಧ ಪೂಜೆಗೆ ಅದಕ್ಕೂ ಕುಂಕುಮ ಹಚ್ಚುವುದಾ ಅಂತ ಮಗ ಹೊರಡುವಾಗ ಕೇಳಿದ. ಹಚ್ಚು, ಪಾಪ.

ಹೇಳಬೇಕಾದ್ದು ಇದ್ಯಾವುದೂ ಅಲ್ಲ. ಅತ್ತೆಯ ಬ್ಯಾಗ್.

ನಾದಿನಿಯವರು ಬೆಂಗಳೂರಿನಿಂದ ಬಂದದ್ದೇ ಪುಟ್ಟಿಯ ವಿದ್ಯಾರಂಭಕ್ಕೆ. ನಾಳೆ ನವಮಿಯ ತೇರು ನೋಡಿ, ನಾಡಿದ್ದು ದಶಮಿಗೆ ಮೂಕಾಂಬಿಕೆಯ ಎದುರು ಅಕ್ಕಿಯಲ್ಲಿ ಬರೆಸುವುದು ಅಂತ ಲೆಕ್ಕ. ಅತ್ತೆ ವಾರದ ಹಿಂದೆಯೇ ಬ್ಯಾಗ್ ತುಂಬಿಸಿ ಬಾಗಿಲ ಹತ್ತಿರ ಇಟ್ಟಿದ್ದರು. ಮೊಮ್ಮಗಳಿಗೆ ಅಂತ ತಾವೇ ಹೋಗಿ ತಂದ ಹೊಸ ಲಂಗವೂ ಅದರಲ್ಲೇ. ನಿನ್ನೆ ರಾತ್ರಿ ಲಂಗ ತೆಗೆದು ನಾದಿನಿಯ ಕೈಗೆ ಕೊಟ್ಟರು, ಬ್ಯಾಗ್ ಒಳಗೆ ಹೋಯಿತು. ಅಷ್ಟೇ. ನಿನ್ನನ್ನು ನೋಡಿಕೊಳ್ಳಲು ನಾನು ಉಳಿಯುತ್ತೇನೆ ಅಂತ ಹೇಳಲೂ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಹನ್ನೊಂದು ಗಂಟೆಗೆ ಬೆಲ್ ಆಯಿತು. ಸರ್ಕಾರದ ಜಾತಿ ಸಮೀಕ್ಷೆಯ ಟೀಚರ್. ಮೀಟರ್ ನೋಡುವವರು ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿ ಹೋಗಿ ಎಷ್ಟೋ ದಿನ ಆಗಿತ್ತು, ನಮಗೆ ಮರೆತೇ ಹೋಗಿತ್ತು. ಬಿಸಿಲಿಗೆ ಮುಖ ಕೆಂಪಾಗಿತ್ತು ಪಾಪ.

"ಡೆಂಗ್ಯೂವಾ?" ನನ್ನ ಅವತಾರ ನೋಡಿ ಬಾಗಿಲಲ್ಲೇ ನಿಂತರು.

"ಮಲೇರಿಯಾ. ಬನ್ನಿ ಟೀಚರ್, ಹತ್ತಿರ ಕೂತರೆ ಬರುವುದಿಲ್ಲ. ಮಧ್ಯದಲ್ಲಿ ಸೊಳ್ಳೆ ಬೇಕು."

ಅರುವತ್ತು ಪ್ರಶ್ನೆ. ಶುರು ಮಾಡುವ ಮೊದಲು ಆಧಾರ್‌ಗೆ ಒಟಿಪಿ. ನಂಬರ್ ಇವರದ್ದು. ಇವರು ಆಗ ಕೊಲ್ಲೂರಿನ ಕಾಡು ದಾರಿಯಲ್ಲಿ ಎಲ್ಲೋ, ಫೋನ್ ನಾಟ್ ರೀಚಬಲ್. ಟೀಚರ್ ಬ್ಯಾಗ್ ಕೆಳಗಿಟ್ಟು ಕಾಲು ಚಾಚಿದರು. "ಸಿಗಲಿ, ಕಾಯ್ತೇನೆ. ಇಲ್ಲಿ ಫ್ಯಾನ್ ಆದ್ರೂ ಉಂಟು." ಅತ್ತೆ ಪುನರ್ಪುಳಿ ಶರಬತ್ತು ತಂದಿಟ್ಟರು.

ಸಮೀಕ್ಷೆ 22ಕ್ಕೆ ಶುರುವಾದದ್ದು, ಅಕ್ಟೋಬರ್ 7ರವರೆಗೆ ಉಂಟಂತೆ. ಶಾಲೆಯ ರಜೆಯೂ ಅಷ್ಟೇ ಅಲ್ವಾ, ಅಲ್ಲಿಗೆ ಮುಗಿಯಿತು. ಸುಳ್ಯದ ತಾಯಿಮನೆಗೆ ಟೀಚರ್ ಮಗಳನ್ನು ಒಬ್ಬಳೇ ಬಸ್ಸಿಗೆ ಹತ್ತಿಸಿದ್ದಾರೆ. ಫ್ಲ್ಯಾಟುಗಳಲ್ಲಿ ವಾಚ್‌ಮನ್ ಒಳಗೆ ಬಿಡುವುದಿಲ್ಲ, ಮನೆಗಳಲ್ಲಿ ನಾಯಿ. ಕೆಲವರು ಉತ್ತರ ಹೇಳುವುದು ಕಡ್ಡಾಯ ಅಲ್ಲ ಅಂತ ಹೈಕೋರ್ಟ್ ಹೇಳಿದ್ದನ್ನು ಟೀಚರಿಗೇ ಪಾಠ ಮಾಡುತ್ತಾರಂತೆ. ಹೇಳುವಾಗ ನಗುತ್ತಿದ್ದರು, ನಗು ಮಾತ್ರ ಸುಸ್ತಾಗಿತ್ತು.

ಕಾಯುವಷ್ಟು ಹೊತ್ತು ಪ್ರಶ್ನೆಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳುತ್ತೇನೆ ಅಂದರು. ನನ್ನದು ಬೇಗ ಮುಗಿಯಿತು.

"ಅಮ್ಮಾ, ನೀವು ಎಷ್ಟನೇ ಕ್ಲಾಸು?"

"ನಾಲ್ಕು."

"ಉದ್ಯೋಗ?"

"ಎಂತ ಇಲ್ಲ. ಮನೆಯಲ್ಲೇ."

ನಾನು ಬಾಯಿ ಹಾಕಿದೆ. "ಬೀಡಿ ಕಟ್ತಿದ್ರಲ್ಲ ಅತ್ತೆ, ಕಿನ್ನಿಗೋಳಿಯಲ್ಲಿ ಇದ್ದಾಗ."

"ಅದು ಉದ್ಯೋಗವಾ?"

"ಪಿಎಫ್ ಉಂಟಲ್ಲ ನಿಮಗೆ."

"ಪಿಎಫ್ ಉಂಟು. ಅದಕ್ಕೆ? ಅಡಿಗೆ ಆಗಿ, ದನ ಕರೆದು, ಮಕ್ಕಳು ಮಲಗಿದ ಮೇಲೆ ತಡ್ಪೆ (ಮೊರ) ಮಡಿಲಲ್ಲಿ ಇಟ್ಟುಕೊಂಡು ಕಟ್ಟಿದ್ದು. ಉದ್ಯೋಗ ಅಂದರೆ ಬೆಳಿಗ್ಗೆ ಹೋಗಿ ಸಂಜೆ ಬರುವುದು."

ಟೀಚರ್ ಪೆನ್ನು ಎತ್ತಿ ಹಿಡಿದು ನನ್ನನ್ನು ನೋಡಿದರು. ಇವರ ಫೀಸು, ನಾದಿನಿಯ ಡಿಗ್ರಿ, ಕಿನ್ನಿಗೋಳಿ ಮನೆಯ ಹಂಚು, ಎಲ್ಲ ಆ ಬೀಡಿಯಿಂದಲೇ ಬಂದದ್ದು ಅಂತ ಈ ಮನೆಯಲ್ಲಿ ಎಲ್ಲರಿಗೂ ಗೊತ್ತು. ಎಲೆ ನೆನೆಸಿ, ಕತ್ತರಿಸಿ, ಸುತ್ತಿ, ನೂಲು ಕಟ್ಟಿ, ಬೀಡಿ ಕಂಪೆನಿಯ ಬ್ರಾಂಚಿಗೆ ಹೊತ್ತುಕೊಂಡು ಹೋಗುವುದು. ಅಲ್ಲಿ ಆರಿಸುವವನು ಸರಿಯಿಲ್ಲ ಅಂತ ಒಂದು ಹಿಡಿ ಬದಿಗೆ ತಳ್ಳಿದರೆ ಅಷ್ಟರ ಕೂಲಿ ಹೋಯಿತು. ಸಾವಿರ ಬೀಡಿಗೆ ಇಷ್ಟು ಅಂತ ಲೆಕ್ಕ, ಹಬ್ಬದ ವಾರದಲ್ಲೂ ಅಷ್ಟೇ.

"ನಿಮಗೆ ರಜೆ ಅಂತ ಇರ್ಲಿಲ್ವಾ ಅಮ್ಮಾ?" ಟೀಚರ್ ಕೇಳಿದರು. ಇದು ಅರುವತ್ತರಲ್ಲಿ ಇಲ್ಲದ ಪ್ರಶ್ನೆ.

"ಎಲೆ ಬರದಿದ್ದರೆ ರಜೆ." ಸ್ವಲ್ಪ ತಡೆದು, "ಆಗ ಕೈ ತುರಿಸುವುದು" ಅಂದು ನಕ್ಕರು. ಟೀಚರೂ ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ. ಈಗಲೂ ಅತ್ತೆಗೆ ರಜೆ ಅಂದರೆ ಬೇರೆಯವರು ಹೋಗಿ ಬರುವುದು, ತಾವು ಮನೆಯಲ್ಲಿ ಉಳಿಯುವುದು.

ಕೊನೆಗೆ ಇವರ ಫೋನ್ ಸಿಕ್ಕಿತು. ಒಟಿಪಿಯನ್ನು ಇವರು ಕೂಗಿ ಹೇಳಿದರು, ಹಾಕುವಷ್ಟರಲ್ಲಿ ಟೈಮ್ ಮುಗಿದಿತ್ತು. ಎರಡನೆಯದ್ದು ಬರಲೇ ಇಲ್ಲ, ಚಕ್ರ ತಿರುಗುತ್ತಾ ಇತ್ತು. "ಹಬ್ಬ ಕಳೆದು ಬರ್ತೇನೆ ಅಕ್ಕ, ನೀವು ಗುಣ ಆಗಿ" ಅಂತ ಟೀಚರ್ ಕಾಗದ ಮಡಚಿಟ್ಟು ಹೊರಟರು. ಅತ್ತೆಯ ಉದ್ಯೋಗದ ಎದುರು ಏನು ಬರೆದರೋ ನೋಡಲಾಗಲಿಲ್ಲ.

ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ. ತಿಮರೆ (ಒಂದೆಲಗ) ಚಟ್ನಿಯನ್ನು ಅತ್ತೆ ಕಲ್ಲಿನಲ್ಲಿ ಅರೆದರು. ಮಿಕ್ಸಿ ಹಾಳಾದದ್ದು ನನಗೆ ಲಾಭವೇ.

ಆಮೇಲೆ ಕೇಳಿದೆ. "ನಾಳೆ ನನಗೆ ಚಳಿ ಬರದಿದ್ದರೆ ನೀವು ಸಂಜೆ ಬಸ್ಸಿಗೆ ಹೋಗಿ ಅತ್ತೆ. ಕುಂದಾಪುರಕ್ಕೆ ಇವರು ಬಂದು ಕರ್ಕೊಂಡು ಹೋಗ್ತಾರೆ. ದಶಮಿ ಬೆಳಿಗ್ಗೆಗೆ ಅಲ್ಲಿರ್ತೀರಿ."

"ನಿನ್ನನ್ನು ನೋಡುವುದು?"

"ಪಕ್ಕದ ಮನೆಯವರು ಇದ್ದಾರೆ. ಗುರುವಾರ ಸಂಜೆ ಕುದ್ರೋಳಿ ದೇವಸ್ಥಾನದ ದಸರಾ ಮೆರವಣಿಗೆ ಲೇಡಿಹಿಲ್‌ನಲ್ಲೇ ಹೋಗುತ್ತದೆ, ಅವರ ಮಾಳಿಗೆಯಿಂದ ಹುಲಿವೇಷ ನೋಡ್ತೇನೆ. ಅದು ದೇವಸ್ಥಾನಕ್ಕೆ ತಿರುಗಿ ಮುಟ್ಟುವಾಗ ಶುಕ್ರವಾರ ಬೆಳಗಾಗುತ್ತದೆ, ಅಷ್ಟರಲ್ಲಿ ನೀವೂ ಬರ್ತೀರಿ."

"ನಾಳೆ ಆಗಲಿ, ನೋಡುವ" ಅಂದರು. ಸಂಜೆ ನೋಡಿದರೆ ಆ ಬ್ಯಾಗಿನಲ್ಲಿದ್ದ ಸೀರೆಯನ್ನು ತೆಗೆದು ಇಸ್ತ್ರಿ ಹಾಕುತ್ತಿದ್ದಾರೆ. ನಾನು ಏನೂ ಕೇಳಲಿಲ್ಲ.

ಎರಡನೇ ದಿನದ ಮಾತ್ರೆ ನುಂಗಿ ಆಯಿತು. ನಾಳೆ ಎರಡು ಗಂಟೆಯ ಹೊತ್ತಿಗೆ ಗೊತ್ತಾಗಬೇಕು. ಸ್ವಲ್ಪ ಚಳಿ ಬಂದರೂ ಹೇಳದೆ ಇದ್ದರೆ ಹೇಗೆ? ಕಂಬಳಿಯನ್ನು ಈಗಲೇ ಮಂಚದ ಆಚೆ ಬದಿಗೆ ಇಟ್ಟರೆ, ಅತ್ತೆ ಅಡಿಗೆಮನೆಯಲ್ಲಿ ಇರುವಾಗ