ಎರಡೆಕರೆ ಇಪ್ಪತ್ತು ಗುಂಟೆ 2.20 ಅಲ್ಲ

ಬಿ.ಎಡ್. ಪ್ರಶಿಕ್ಷಣಾರ್ಥಿಗಳ ಗಣಿತದ ಪಾಠಯೋಜನೆಯಲ್ಲಿ ‘ಎಲ್ಲ ಮಕ್ಕಳೂ ಭಾಗವಹಿಸುವರು’ ಅನ್ನೋ ಸಾಲು ತಪ್ಪದೆ ಇರುತ್ತದೆ. ಅದನ್ನು ಪರೀಕ್ಷಿಸಲು ಒಂದು ಹಾಳೆ ಸಾಕು. ಮಕ್ಕಳು ಕೂತ ಜಾಗದ ನಕ್ಷೆ ಬರೆದುಕೊಂಡು ಜೊತೆಗಾರರೊಬ್ಬರು ಹಿಂದೆ ಕೂರಲಿ. ಪಾಠ ಮಾಡುವವರು ಯಾವ ಮಗುವನ್ನು ‘ಎಷ್ಟು?’ ಎಂದು ಕೇಳಿದರೋ ಅದರ ಚೌಕದಲ್ಲಿ ಚುಕ್ಕೆ, ‘ಹ್ಯಾಂಗ ಬಂತು?’ ಎಂದು ಕೇಳಿದಲ್ಲಿ ಗೆರೆ. 40 ನಿಮಿಷ ಮುಗಿದಾಗ ಸಾಮಾನ್ಯವಾಗಿ ಗೆರೆಗಳೆಲ್ಲ ಮುಂದಿನ ಎರಡು ಬೆಂಚಿನಲ್ಲಿರುತ್ತವೆ. ಮರುದಿನ ಗೆರೆ ಬೀಳದ ಐದು ಮಕ್ಕಳನ್ನು ಮೊದಲೇ ಗುರುತಿಸಿಟ್ಟುಕೊಂಡು ತರಗತಿಗೆ ಹೋಗಬೇಕು. ಆದರೆ ಹಿಂದಿನ ಬೆಂಚಿನ ಹುಡುಗಿಯನ್ನು ಏಕಾಏಕಿ ಎಬ್ಬಿಸಿ ಕೇಳಿದರೆ ಅವಳು ನೆಲ ನೋಡುತ್ತಾಳೆ, ಅಷ್ಟೇ. ಮೊದಲು ಪಕ್ಕದವಳ ಜೊತೆ ಒಂದು ನಿಮಿಷ ಮಾತಾಡಲು ಬಿಡಿ, ಕೇಳಿದ ಮೇಲೆ ಕನಿಷ್ಠ 3 ಸೆಕೆಂಡ್ ಬಾಯಿ ಮುಚ್ಚಿಕೊಂಡಿರಿ. ಹೊಸಬರಿಗೆ ಆ 3 ಸೆಕೆಂಡೇ ಕಷ್ಟ.

ಇನ್ನು ಪಾಠಯೋಜನೆಯ ‘ಸ್ಥಳೀಯ ಉದಾಹರಣೆ’. ಕಲಬುರಗಿ, ಯಾದಗಿರಿ ಕಡೆ ಪಹಣಿಗಿಂತ ಒಳ್ಳೆಯದು ಸಿಗದು. ಎಕರೆ-ಗುಂಟೆ ಲೆಕ್ಕದಲ್ಲಿ 3-30 ಮತ್ತು 1-20 ಕೂಡಿಸಲು ಹೇಳಿ. ದಶಮಾಂಶ ಎಂದುಕೊಂಡವರು 3.30 + 1.20 = 4.50, ಅಂದರೆ ನಾಲ್ಕೂವರೆ ಎಕರೆ ಅನ್ನುತ್ತಾರೆ. ಹೊಲದ ಲೆಕ್ಕ ಗೊತ್ತಿದ್ದ ಮಗು ‘50 ಗುಂಟೆ ಅಂದ್ರ ಒಂದೆಕರೆ ಹತ್ತು ಗುಂಟಿ’ ಎಂದು 5-10 ಅನ್ನುತ್ತದೆ. ಎಕರೆಗೆ 40 ಗುಂಟೆ. ಗುಂಟೆಯನ್ನು 40ರಿಂದ ಭಾಗಿಸಿದರೆ ಮಾತ್ರ ದಶಮಾಂಶ: 3.75 + 1.5 = 5.25. ಅಡ್ಡಗೆರೆಗೂ ಚುಕ್ಕೆಗೂ ಇರುವ ವ್ಯತ್ಯಾಸವೇ ಅಂದಿನ ಪಾಠ. ಎಡವುವುದು ಇನ್ನೊಂದು ಕಡೆ: ‘ನಾಳೆ ಮನೆಯಿಂದ ಪಹಣಿ ತರ್ರಿ’ ಅಂದುಬಿಡುತ್ತಾರೆ. ಹೊಲವಿಲ್ಲದ ಮನೆಯ, ಗುಳೆ ಹೋಗಿ ಬಂದ ತಾಂಡಾದ ಮಗು ಎಲ್ಲರೆದುರು ಬರಿಗೈಲಿ ನಿಲ್ಲುತ್ತದೆ. ಮಾದರಿ ಪಹಣಿ ನೀವೇ ಬರೆದು ಹಂಚಿ.

ಬೀದರ್‌ನ ಭಾಲ್ಕಿ, ಔರಾದ್ ಕಡೆ ಮರಾಠಿ ಮಾಧ್ಯಮದಿಂದ ಬಂದವರಿದ್ದರೆ ಒಂದು ಶಬ್ದದ ಮೇಲೆ ಕಣ್ಣಿಡಿ. ಮರಾಠಿಯಲ್ಲಿ ಲಂಬಕೋನ ತ್ರಿಭುಜದ ದೊಡ್ಡ ಬಾಹುವೂ ಕರ್ಣವೇ, ಚತುರ್ಭುಜದ ಎದುರುಬದುರು ಮೂಲೆ ಸೇರಿಸುವ ಗೆರೆಯೂ ಕರ್ಣವೇ. ನಮ್ಮಲ್ಲಿ ಮೊದಲನೆಯದು ವಿಕರ್ಣ. ಮಗು ‘ಕರ್ಣ’ ಅಂದರೆ ಪೈಥಾಗೊರಸ್ ಗೊತ್ತಿಲ್ಲ ಎಂದಲ್ಲ. ಚಿತ್ರದ ಮೇಲೆ ಬೆರಳಿಡಿಸಿ ಕೇಳಿ.

ಎರಡು ವರ್ಷದ ಕೋರ್ಸಿನ ಇಂಟರ್ನ್‌ಶಿಪ್‌ನಲ್ಲಿ ಶಾಲೆಗೆ ಹೋದವರಿಗೆ ಎಷ್ಟೋ ಸಲ ‘ವೀಕ್’ ಮಕ್ಕಳನ್ನು ಒಪ್ಪಿಸಿ ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಬೇಕಾದಷ್ಟೇ ಪ್ರಶ್ನೆಗಳ ಕಟ್ಟು) ಬಾಯಿಪಾಠ ಮಾಡಿಸಲು ಹೇಳುತ್ತಾರೆ. ಬೇಡ ಅನ್ನುವ ಅಧಿಕಾರ ಪ್ರಶಿಕ್ಷಣಾರ್ಥಿಗೆ ಇಲ್ಲ, ನಿಜ. ಆದರೆ ಪ್ಯಾಕೇಜಿನೊಳಗೇ ಜಾಗವಿದೆ. ಗ್ರಾಫ್ ಲೆಕ್ಕ ನೋಡಿ: ಎಕ್ಸ್‌ಗೆ 0, 1, 2 ಹಾಕು ಎಂದು ಉರು ಹೊಡೆದವರು 2ಎಕ್ಸ್ + 3ವೈ = 12 ಬಂದಾಗ 1 ಹಾಕಿ ವೈಗೆ 10/3 ಸಿಕ್ಕು ಅಲ್ಲೇ ಪೆನ್ನು ಇಡುತ್ತಾರೆ. ‘ವೈ ಪೂರ್ಣಾಂಕ ಬರಬೇಕಂದ್ರ ಎಕ್ಸ್ ಏನಿರಬೇಕು?’ ಎಂದು ಕೇಳಿ. 0, 3, 6 ಹಾಕಿದರೆ 4, 2, 0. ಅಲ್ಲಿ ಆ ಮಕ್ಕಳ ಚೌಕದಲ್ಲೂ ಗೆರೆ ಬೀಳುತ್ತದೆ.