ಆಫ್‌ಸೆಟ್ ಮುಟ್ಬೇಡಿ ಅಣ್ಣ

ಡಿಪ್ಲೊಮಾ ಮುಗ್ಸಿ ಪೀಣ್ಯದ ಒಂದು ಸಣ್ಣ ಮಷೀನ್ ಶಾಪಲ್ಲಿ ಕ್ವಾಲಿಟಿಗೆ ಸೇರ್ಕೊಂಡಾಗ ನನ್ ತಲೆಗೆ ಮೊದ್ಲು ಕಟ್ಟಿದ್ದು ಒಂದು ಶಾಫ್ಟು. ಡಯಾ 25 ಮಿಮೀ, ಟಾಲರೆನ್ಸ್, ಅಂದ್ರೆ ಎಷ್ಟು ಹೆಚ್ಚುಕಮ್ಮಿ ಆದ್ರೂ ನಡೆಯುತ್ತೆ ಅನ್ನೋದು, ಆ ಕಡೆ 20 ಮೈಕ್ರಾನ್ ಈ ಕಡೆ 20 ಮೈಕ್ರಾನ್ (ಮೈಕ್ರಾನ್ ಅಂದ್ರೆ ಮಿಮೀನ ಸಾವಿರದಲ್ಲೊಂದು ಪಾಲು). ಕಂಪ್ಯೂಟರ್ ಹೇಳ್ದಂಗೆ ಕಡಿಯೋ ಸಿಎನ್‌ಸಿ ಲೇತಿಗೆ ಇದೇನ್ ದೊಡ್ಡ ವಿಷ್ಯ ಅಲ್ಲ, ಆದ್ರೂ ದಿನಾ ಒಂದಷ್ಟು ಪೀಸು ಓವರ್‌ಸೈಜು ಇನ್ನೊಂದಷ್ಟು ಅಂಡರ್‌ಸೈಜು. ಓವರ್ ಆದ್ರೆ ರೀವರ್ಕ್ ಮಾಡ್ಬೋದು, ಅಂಡರ್ ಆದ್ರೆ ಸೀದಾ ಸ್ಕ್ರಾಪ್ ಡಬ್ಬಕ್ಕೆ.

ಆಪರೇಟರ್ ಅಣ್ಣ ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡೋರು, ಕೆಲ್ಸದಲ್ಲಿ ಭಾರಿ ಶ್ರದ್ಧೆ. ಒಂದೊಂದು ಪೀಸೂ ಮೈಕ್ರೋಮೀಟರ್ ಹಾಕಿ ನೋಡೋರು, 8 ಮೈಕ್ರಾನ್ ಜಾಸ್ತಿ ಬಂತಾ, ಆಫ್‌ಸೆಟ್‌ನಲ್ಲಿ (ಟೂಲ್ ಎಲ್ಲಿ ನಿಲ್ಬೇಕು ಅಂತ ಮಷೀನಿಗೆ ಕೊಡೋ ತಿದ್ದುಪಡಿ) 8 ಇಳ್ಸೋರು, ಮುಂದಿನ್ದು 6 ಕಮ್ಮಿ ಬಂತಾ, 6 ಏರ್ಸೋರು, ಹಿಂಗೇ ಇಡೀ ಶಿಫ್ಟು. ಓನರ್‌ಗಂತೂ ಅವ್ರಂದ್ರೆ ಬಹಳ ನಂಬ್ಕೆ. ಇಷ್ಟು ನಿಗಾ ಇಟ್ಟೂ ರಿಜೆಕ್ಷನ್ ಯಾಕೆ ಅಂತ ಯಾರಿಗೂ ಗೊತ್ತಾಗ್ತಿರ್ಲಿಲ್ಲ, ರಾ ಮೆಟೀರಿಯಲ್ ಸರಿ ಇಲ್ಲ ಅಂತ ಸಪ್ಲೈಯರ್‌ನ ಬೈಕೊಂಡು ಸುಮ್ನಾಗೋರು.

ಗಂಟೆಗೆ ಐದೈದು ಪೀಸು ತಗೊಂಡು ಎಕ್ಸ್‌ಬಾರ್-ಆರ್ ಚಾರ್ಟು ಹಾಕಕ್ಕೆ ಶುರು ಮಾಡ್ದೆ. ಐದರ ಸರಾಸರಿ ಒಂದು ಗೆರೆ ಮೇಲೆ, ಐದ್ರಲ್ಲಿ ದೊಡ್ದು ಸಣ್ದರ ವ್ಯತ್ಯಾಸ, ಅಂದ್ರೆ ರೇಂಜು, ಇನ್ನೊಂದು ಗೆರೆ ಮೇಲೆ, ಅಷ್ಟೇ. ಇಲ್ಲೊಂದು ಮಾತು ಹೇಳ್ಬೇಕು, ಚಾರ್ಟ್ ಮೇಲಿನ ಕಂಟ್ರೋಲ್ ಲಿಮಿಟ್ಟೇ ಬೇರೆ ಡ್ರಾಯಿಂಗ್‌ನಲ್ಲಿರೋ ಟಾಲರೆನ್ಸೇ ಬೇರೆ. ಡ್ರಾಯಿಂಗ್ ಹೇಳೋದು ಕಸ್ಟಮರ್‌ಗೆ ಏನ್ ಬೇಕು ಅಂತ, ಚಾರ್ಟ್ ಹೇಳೋದು ನಿಮ್ ಮಷೀನ್ ಕೈಲಿ ಏನಾಗುತ್ತೆ ಅಂತ. ಎರಡನ್ನೂ ಒಂದೇ ಪೇಪರ್ ಮೇಲೆ ಎಳೆದು ಗೋಡೆಗೆ ಅಂಟ್ಸಿರೋ ಶಾಪುಗಳನ್ನ ಎಷ್ಟೋ ನೋಡಿದೀನಿ. ಇನ್ನು ಶಿಫ್ಟ್ ಮುಗಿಯೋ ಹತ್ತು ನಿಮಿಷ ಮುಂಚೆ ಇಡೀ ಎಂಟು ಗಂಟೆಗಳ ರೀಡಿಂಗನ್ನ ಒಟ್ಟಿಗೆ ಒಂದೇ ಪೆನ್ನಲ್ಲಿ ತುಂಬ್ಸೋರ ಕಥೆ ಇನ್ನೊಂದ್ ದಿನ ಬರೀತೀನಿ.

ಈ ಚಾರ್ಟು 1924ರ ಮೇ ತಿಂಗಳದ್ದು. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್‌ನಲ್ಲಿ ಟೆಲಿಫೋನ್ ಸಾಮಾನು ಮಾಡ್ತಿದ್ರು, ಅಲ್ಲಿದ್ದ ವಾಲ್ಟರ್ ಶೆವ್‌ಹಾರ್ಟ್ ತನ್ ಬಾಸ್‌ಗೆ ಒಂದು ಚಿಕ್ಕ ಮೆಮೊ ಬರ್ದು ಅದ್ರಲ್ಲೇ ಈ ಚಿತ್ರ ಹಾಕಿ ಕೊಟ್ಟ. ಅವನ ವಾದ ಏನಪ್ಪಾ ಅಂದ್ರೆ, ಯಾವ ಮಷೀನಾದ್ರೂ ಒಂದೇ ಥರ ಎರಡು ಪೀಸು ಮಾಡಲ್ಲ, ಅದಕ್ಕೆ ಅದರದ್ದೇ ಒಂದು ಸಹಜ ಓಲಾಟ ಇರುತ್ತೆ, ಆ ಓಲಾಟದೊಳಗಿನ ಒಂದೊಂದು ಪೀಸಿಗೂ ಕಾರಣ ಹುಡ್ಕಕ್ಕೆ ಹೋಗ್ಬೇಡಿ, ಅದನ್ನ ಮೀರಿ ಬಂದ್ರೆ ಮಾತ್ರ ಮಷೀನ್ ನಿಲ್ಸಿ ನೋಡಿ. ಸರಾಸರಿಯಿಂದ ಆ ಕಡೆ ಈ ಕಡೆ ಮೂರು ಸಿಗ್ಮಾ (ಸಿಗ್ಮಾ ಅಂದ್ರೆ ಓಲಾಟ ಎಷ್ಟು ಹರಡಿದೆ ಅಂತ ಹೇಳೋ ಅಳತೆ) ದೂರಕ್ಕೆ ಲಿಮಿಟ್ ಹಾಕಿದ್ರೆ, ಎಲ್ಲಾ ನೆಟ್ಟಗಿರೋವಾಗ ಸುಮ್‌ಸುಮ್ನೆ ಆಚೆ ಬೀಳೋದು ಹತ್ತು ಸಾವಿರಕ್ಕೆ ಸುಮಾರು 27 ಅಷ್ಟೇ.

ನಮ್ ಅಣ್ಣ ಮಾಡ್ತಿದ್ದಿದ್ದು ಓಲಾಟದ ಹಿಂದೇನೇ ಓಡೋ ಕೆಲ್ಸ. ಹಿಂಗೆ ಪ್ರತಿ ಸಲ ಪೂರ್ತಿ ತಿದ್ದಿದ್ರೆ ವೇರಿಯನ್ಸ್ (ಸಿಗ್ಮಾದ ವರ್ಗ) ಎರಡರಷ್ಟಾಗುತ್ತೆ, ಅಂದ್ರೆ ಹರಡೋದು 41 ಪರ್ಸೆಂಟ್ ಜಾಸ್ತಿ. ಅಮೆರಿಕದ ಕ್ವಾಲಿಟಿ ಗುರು ಡೆಮಿಂಗ್ ಇದನ್ನ ಆಲಿಕೆಯಿಂದ ಒಂದು ಗುರಿ ಮೇಲೆ ಗೋಲಿ ಬೀಳ್ಸಿ ತೋರಿಸ್ತಿದ್ರು. ಇದನ್ನ ಅಣ್ಣನಿಗೆ ಫಾರ್ಮುಲಾ ಬರ್ದು ಹೇಳಿದ್ರೆ ಕೇಳ್ತಾರಾ? "ಸಾರ್ ನೀವ್ ಓದಿರೋರು, ಹೇಳ್ತೀರ, ಸೈಜ್ ಹೋದ್ರೆ ಬೈಸ್ಕೊಳೋನು ನಾನು" ಅಂದ್ರು. ಅದೂ ಸರೀನೇ.

ಮಾರನೇ ದಿನ ಅಕ್ಕನ ಮಗಳ ಹಾವು ಏಣಿ ಆಟದಿಂದ ಎರಡು ದಾಳ ಎತ್ಕೊಂಡ್ ಹೋದೆ. ಊಟದ ಟೈಮಲ್ಲಿ, ಅಣ್ಣ, 7 ಬಂದ್ರೆ ಸೈಜ್ ಕರೆಕ್ಟು, ಎಷ್ಟು ತಪ್ಪುತ್ತೋ ಅಷ್ಟು ನಿಮ್ ಥರಾನೇ ಆಫ್‌ಸೆಟ್ ಕೊಡೋಣ ಅಂದೆ. ಮೊದಲ್ನೇದು 9 ಬಿತ್ತು, ಆಫ್‌ಸೆಟ್ ಮೈನಸ್ 2. ಆಮೇಲೆ 4 ಬಿತ್ತು, ಆ 2 ಕಳೆದ್ರೆ ಉಳಿದಿದ್ದು 2, ಅಯ್ಯೋ ಐದು ಕಮ್ಮಿ ಆಯ್ತಲ್ಲ, ಆಫ್‌ಸೆಟ್ ಈಗ ಪ್ಲಸ್ 3. ಮುಂದೆ 11 ಬಿತ್ತು, ಲೆಕ್ಕದಲ್ಲಿ 14. ಎರಡು ದಾಳದಲ್ಲಿ ಹದಿನಾಲ್ಕು ಎಲ್ಲಿಂದ ಬಂತು ಸಾರ್ ಅಂತ ಅವ್ರೇ ನಕ್ಬಿಟ್ರು.

ಒಂದು ವಾರ ಮುಟ್ಟೋದ್ ಬೇಡ, ಗಂಟೆಯ ಸರಾಸರಿ ಲಿಮಿಟ್ ದಾಟಿದ್ರೆ ಮಾತ್ರ ಮುಟ್ಟೋಣ ಅಂತ ಒಪ್ಪಂದ ಆಯ್ತು. ಐದು ಪೀಸಿನ ರೇಂಜು 13 ಮೈಕ್ರಾನ್ ಆಸುಪಾಸು ಇದ್ದಿದ್ದು 9ರ ಹತ್ರ ಬಂತು. ಹೊಸ ಟೂಲಿಲ್ಲ, ಹೊಸ ಮಷೀನಿಲ್ಲ.

ಓನರ್ ನೋಡಿ, ಇದೆಲ್ಲ ಜಪಾನ್‌ನೋರ ವಿದ್ಯೆ ಬಿಡಪ್ಪ ಅಂದ್ರು. ನನಗೆ ಸ್ವಲ್ಪ ಉರೀತು. 1947-48ರಲ್ಲೇ ನಮ್ಮ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಇದೇ ಶೆವ್‌ಹಾರ್ಟ್‌ನ ಭಾರತಕ್ಕೆ ಕರೆಸ್ಕೊಂಡಿದ್ರು, ಡೆಮಿಂಗ್ ಜಪಾನಲ್ಲಿ ಆ ಹೆಸರಾಂತ ಪಾಠ ಮಾಡಿದ್ದು 1950ರಲ್ಲಿ. ಜಪಾನಿನ ಕ್ವಾಲಿಟಿ ಎಂಜಿನಿಯರ್ ಟಗುಚಿ 1954-55ರಲ್ಲಿ ನಮ್ಮ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್ಸ್‌ಟಿಟ್ಯೂಟಲ್ಲೇ ಇದ್ರು, ಅವರ ಪ್ರಯೋಗಗಳಿಗೆ ಅಡಿಪಾಯ ಆಗಿರೋ ಆರ್ಥೋಗನಲ್ ಅರೇ (ಕಮ್ಮಿ ಪ್ರಯೋಗದಲ್ಲೇ ಹಲವು ಅಂಶ ಪರೀಕ್ಷಿಸೋ ಕೋಷ್ಟಕ) ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಕೊಟ್ಟಿದ್ದು, ಅವ್ರು ಹುಟ್ಟಿದ್ದು ನಮ್ಮ ಹೂವಿನ ಹಡಗಲೀಲಿ. ಇದನ್ನೆಲ್ಲ ಓನರ್ ಮುಂದೆ ಹೇಳ್ಲಿಲ್ಲ ಬಿಡಿ, ಸಂಬಳ ಬಾಕಿ ಇತ್ತು.

ಸುಮ್‌ಸುಮ್ನೆ ತಿದ್ದೋ ಗಲಾಟೆ ಕಮ್ಮಿ ಆದ್ಮೇಲೆ ಅಸಲಿ ವಿಷ್ಯಗಳು ಚಾರ್ಟಲ್ಲಿ ಕಾಣಕ್ಕೆ ಶುರುವಾದ್ವು. ಇನ್ಸರ್ಟ್ (ಟೂಲಿನ ಕಡಿಯೋ ತುದಿ) ಸವೀತಾ ಹೋದಂಗೆ ಡಯಾ ನಿಧಾನಕ್ಕೆ ಮೇಲಕ್ಕೆ ಹತ್ತೋದು, ಅದಕ್ಕೆ ಆಫ್‌ಸೆಟ್ ಕೊಡ್ಬೇಕು, ಅದು ನ್ಯಾಯ. ಆದ್ರೆ ದಿನಾ ಹನ್ನೊಂದು ಗಂಟೆ ಹೊತ್ತಿಗೆ ಒಂದು ಚುಕ್ಕೆ ಎಗರೋದು ನನಗೆ ಅರ್ಥ ಆಗ್ಲೇ ಇಲ್ಲ, ಕೂಲಂಟ್ ನೋಡ್ದೆ, ಪೀಸ್ ಹಿಡ್ಕೊಳೋ ಚಕ್‌ನ ಪ್ರೆಶರ್ ನೋಡ್ದೆ. ಕೊನೆಗೆ ಅಣ್ಣನೇ ಚಾರ್ಟ್ ಮುಂದೆ ನಿಂತು, "ಸಾರ್ ಇದು ಟೀ ಬ್ರೇಕು, ಮಷೀನ್ ನಿಂತು ತಣ್ಣಗಾಗಿರುತ್ತೆ" ಅಂದ್ರು. ಸ್ಪಿಂಡಲ್ ಸುಮ್ನೆ ಓಡಿಸಿ ಬೆಚ್ಚಗೆ ಇಡೋಣ ಅಂದ್ರೆ ಓನರ್ ಕರೆಂಟ್ ಬಿಲ್ ತೋರ್ಸಿದ್ರು. ಹಂಗಾಗಿ ನಾನ್ ಬಿಡೋವರ್ಗೂ ಟೀ ಆದ್ಮೇಲಿನ ಮೊದಲೆರಡು ಪೀಸನ್ನ ಬೇರೆ ಟ್ರೇಯಲ್ಲಿ ಇಡ್ತಿದ್ವಿ.